ಮುಂಬೈಯಲ್ಲಿ ಮನೆ ಹುಡುಕುವ ಮುನ್ನ ಲೋಕಲ್ ರೈಲಿನ ಮಾರ್ಗ ತಿಳಿದುಕೊಳ್ಳಿ

ಪ್ರಶ್ನೆ: ನನ್ನ ಪತ್ನಿ ಬ್ಯಾಂಕ್ ಉದ್ಯೋಗಿ. ಉಡುಪಿಯಿಂದ ಮುಂಬೈಯ ಫೋರ್ಟ್ ಶಾಖೆಗೆ ವರ್ಗವಾಗಿದೆ. ನನಗೆ ಅಂಧೇರಿ ಪೂರ್ವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ಮೊಣಕಾಲು ನೋವಿರುವ ತಾಯಿಯೂ ನಮ್ಮೊಂದಿಗೆ ಬರುತ್ತಾರೆ. ಡೊಂಬಿವಲಿಯಲ್ಲಿರುವ ಭಾವ ಅಲ್ಲೇ ಮನೆ ಮಾಡಿ ಎನ್ನುತ್ತಾರೆ. ಬಾಡಿಗೆ ಕಡಿಮೆ ಎಂದು ಗೆಳೆಯರೊಬ್ಬರು ನಾಲಾಸೋಪಾರಾ ಸೂಚಿಸಿದ್ದಾರೆ, ಇನ್ನೊಬ್ಬರು ನೆರೂಲ್ ಎನ್ನುತ್ತಿದ್ದಾರೆ. ಲೋಕಲ್ ರೈಲಿನ ನಕ್ಷೆ ನೋಡಿದರೆ ತಲೆಬುಡ ತಿಳಿಯುತ್ತಿಲ್ಲ. ಯಾವ ಮಾರ್ಗ, ಯಾವ ಸ್ಟೇಷನ್ ನಮಗೆ ಹೊಂದುತ್ತದೆ?

ಉತ್ತರ: ಬಾಡಿಗೆಯ ಪಟ್ಟಿಯನ್ನು ಸ್ವಲ್ಪ ಹೊತ್ತು ಮಡಚಿಡಿ. ಮುಂಬೈಗೆ ಹೊಸದಾಗಿ ಬರುವವರು ಮೊದಲು ಬಾಡಿಗೆ ನೋಡುತ್ತಾರೆ, ಆಮೇಲೆ ಕಚೇರಿಗೆ ಎಷ್ಟು ಕಿಲೋಮೀಟರ್ ಎಂದು ನೋಡುತ್ತಾರೆ. ಮನೆಗೆ ಬಂದು ಸಾಮಾನು ಬಿಚ್ಚಿದ ಮೇಲೆ, ರೈಲು ಹತ್ತುವ ದಿನ ಪೇಚಾಡುತ್ತಾರೆ. ನಗರ ಸಾರಿಗೆಯ ಯೋಜನೆಯಲ್ಲಿ ಕೆಲಸ ಮಾಡಿ, ಮುಲುಂಡ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನೆ ಮಾಡಿಕೊಂಡಿದ್ದ ನಾನು ಈ ಪೇಚಾಟವನ್ನು ಬಂಧುಗಳ ಮನೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಈ ಊರಿನಲ್ಲಿ ದೂರವನ್ನು ಅಳೆಯುವುದು ಕಿಲೋಮೀಟರಿನಿಂದಲ್ಲ. ಎಷ್ಟು ಸಲ ಗಾಡಿ ಬದಲಿಸಬೇಕು, ನಿಮ್ಮ ಸ್ಟೇಷನ್‌ಗೆ ಬರುವ ಹೊತ್ತಿಗೆ ಆ ಗಾಡಿ ಎಷ್ಟು ತುಂಬಿರುತ್ತದೆ, ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮನೆ ಎಲ್ಲಿ ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲು ನಕ್ಷೆ. ಮುಂಬೈ ತೆಂಕಣಕ್ಕೆ ಚಾಚಿಕೊಂಡ ಕಿರಿದಾದ ಭೂಮಿ. ಬಂದರು, ಕೋಟೆ, ದೊಡ್ಡ ವ್ಯಾಪಾರದ ಕಚೇರಿಗಳೆಲ್ಲ ಅದರ ದಕ್ಷಿಣ ತುದಿಯಲ್ಲಿ ಬೆಳೆದವು. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತು, 34 ಕಿಲೋಮೀಟರ್. 1867ರಲ್ಲಿ ಪಶ್ಚಿಮ ದಡದಲ್ಲಿ ವಿರಾರ್‌ನಿಂದ ದಕ್ಷಿಣದ ಬ್ಯಾಕ್‌ಬೇವರೆಗೆ ದಿನಕ್ಕೊಂದು ಗಾಡಿ ಶುರುವಾಯಿತು. ಅಂದರೆ ಎರಡು ಬೇರೆ ಬೇರೆ ಕಂಪನಿಗಳು ಎರಡು ಹಳಿಗಳನ್ನು ಉತ್ತರದಿಂದ ದಕ್ಷಿಣಕ್ಕೆ ಅಕ್ಕಪಕ್ಕ ಎಳೆದುಕೊಂಡು ಹೋದವು. ಒಂದನ್ನೊಂದು ಕೂಡಿಸುವ ಯೋಚನೆ ಆಗ ಯಾರಿಗೂ ಇರಲಿಲ್ಲ. ಜನರೆಲ್ಲ ಬೆಳಗ್ಗೆ ದಕ್ಷಿಣಕ್ಕೆ ಹೋಗಿ ಸಂಜೆ ಉತ್ತರಕ್ಕೆ ಮರಳುತ್ತಿದ್ದ ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. ಈಗ ಕೆಲಸಗಳು ಅಂಧೇರಿಗೆ, ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ, ಪೊವಾಯಿಗೆ, ನವಿ ಮುಂಬೈಗೆ ಹರಡಿವೆ. ಹಳಿಗಳು ಮಾತ್ರ ಇದ್ದಲ್ಲೇ ಇವೆ. ನಿಮ್ಮ ಮನೆಯ ತೊಡಕು ಹುಟ್ಟುವುದು ಇಲ್ಲಿಂದಲೇ. ಪತ್ನಿಯ ಕೆಲಸ ದಕ್ಷಿಣ ತುದಿಯ ಹಳೆಯ ಮುಂಬೈಯಲ್ಲಿ, ನಿಮ್ಮದು ಆಮೇಲೆ ಬೆಳೆದ ಅಂಧೇರಿಯಲ್ಲಿ. ಒಂದೇ ಮನೆಯಿಂದ ಎರಡು ಕಾಲದ ಊರುಗಳಿಗೆ ಹೋಗಬೇಕಾಗಿದೆ.

ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ಹೊರಟು ಮುಂಬೈ ಸೆಂಟ್ರಲ್, ದಾದರ್, ಬಾಂದ್ರಾ, ಅಂಧೇರಿ, ಗೋರೆಗಾಂವ್, ಬೊರಿವಲಿ, ವಸಾಯಿ ದಾಟಿ 60 ಕಿಲೋಮೀಟರ್ ದೂರದ ವಿರಾರ್ ಸೇರುತ್ತದೆ. 2013ರಿಂದ ಲೋಕಲ್ ಗಾಡಿಗಳು ಇನ್ನೂ ಮುಂದೆ ಡಹಾಣು ರೋಡ್‌ವರೆಗೂ ಹೋಗುತ್ತಿವೆ. ಮಧ್ಯ ಮಾರ್ಗದ ಆರಂಭ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಎಲ್ಲರೂ ಹೇಳುವ ಹಾಗೆ ಸಿಎಸ್‌ಎಂಟಿ. ಹಳಬರು ಈಗಲೂ ವಿ.ಟಿ. ಎಂದೇ ಕರೆಯುತ್ತಾರೆ. ಬೈಕುಲಾ, ದಾದರ್, ಕುರ್ಲಾ, ಘಾಟ್ಕೋಪರ್, ಮುಲುಂಡ್, ಠಾಣೆ, ಡೊಂಬಿವಲಿ, ಕಲ್ಯಾಣ್‌ವರೆಗೆ ಅದು ಒಂದೇ ಮಾರ್ಗ. ಕಲ್ಯಾಣ್‌ನಲ್ಲಿ ಇಬ್ಭಾಗವಾಗುತ್ತದೆ. ಒಂದು ಕವಲು ಟಿಟ್ವಾಲಾ ಮೇಲೆ ಕಸಾರಾಕ್ಕೆ, ಇನ್ನೊಂದು ಅಂಬರನಾಥ, ಬದ್ಲಾಪುರ ಮೇಲೆ ಕರ್ಜತ್ ಮತ್ತು ಖೊಪೋಲಿಗೆ. ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಮೇಲೆ ‘ಎನ್’ ಎಂದು ಕಂಡರೆ ಕಸಾರಾ, ‘ಎಸ್’ ಎಂದು ಕಂಡರೆ ಕರ್ಜತ್. ಊರಿನ ಹೆಸರಿನಲ್ಲಿ ಆ ಅಕ್ಷರ ಎಲ್ಲಿದೆ ಎಂದು ಹುಡುಕಬೇಡಿ, ಅವು ಈಶಾನ್ಯ ಮತ್ತು ಆಗ್ನೇಯ ಕವಲುಗಳ ಗುರುತುಗಳು.

ಮೂರನೆಯದು ಹಾರ್ಬರ್ ಮಾರ್ಗ. ಹೊಸಬರು ಇದನ್ನು ಕಡೆಗಣಿಸುತ್ತಾರೆ, ನಿಮ್ಮ ಪ್ರಶ್ನೆಗೆ ಮಾತ್ರ ಇದೇ ಮುಖ್ಯ. ಹೆಸರೇ ಹೇಳುವಂತೆ ಇದು ಬಂದರಿನ ಮಾರ್ಗ. ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್, ಶಿವಡಿ: ಈ ಸ್ಟೇಷನ್‌ಗಳ ಹೆಸರು ಓದುತ್ತಾ ಹೋದರೆ ಹಡಗಿನಿಂದ ಹತ್ತಿಯ ಬೇಲು ಏರಿಳಿಯುತ್ತಿದ್ದ ಕಾಲ ಕಣ್ಣಿಗೆ ಕಟ್ಟುತ್ತದೆ. ರೇ ರೋಡ್‌ವರೆಗಿನ ಭಾಗ 1910ರಲ್ಲಿ ತೆರೆಯಿತು. 1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿ.ಟಿ.ಯಿಂದ ಕುರ್ಲಾಕ್ಕೆ ಓಡಿದ್ದು ಇದೇ ಹಳಿಯ ಮೇಲೆ. ಸಿಎಸ್‌ಎಂಟಿಯಿಂದ ಹೊರಟ ಹಾರ್ಬರ್ ಗಾಡಿ ವಡಾಲಾ ರೋಡ್‌ನಲ್ಲಿ ಎರಡು ದಿಕ್ಕು ಹಿಡಿಯುತ್ತದೆ. ಒಂದು ಕುರ್ಲಾ, ಚೆಂಬೂರ್, ಮಾನ್ಖುರ್ದ್ ದಾಟಿ, ಠಾಣೆ ಖಾರಿ ಎಂಬ ಸಮುದ್ರದ ಚಾಚಿನ ಸೇತುವೆ ಮೇಲೆ ವಾಶಿಗೆ ಬಂದು ನೆರೂಲ್, ಬೇಲಾಪುರ, ಪನ್ವೇಲ್ ಸೇರುತ್ತದೆ. ಖಾರಿ ದಾಟಿ ವಾಶಿಗೆ ರೈಲು ಬಂದದ್ದು 1992ರಲ್ಲಿ. ಇನ್ನೊಂದು ಕವಲು ಕಿಂಗ್ಸ್ ಸರ್ಕಲ್ ಮೇಲೆ ಮಾಹಿಮ್‌ಗೆ ಬಂದು ಪಶ್ಚಿಮ ಮಾರ್ಗದ ಮಗ್ಗುಲಲ್ಲೇ ಬಾಂದ್ರಾ, ಅಂಧೇರಿ ದಾಟಿ ಗೋರೆಗಾಂವ್‌ನಲ್ಲಿ ನಿಲ್ಲುತ್ತದೆ. ಮೊದಲು ಅಂಧೇರಿಗೇ ಮುಗಿಯುತ್ತಿದ್ದ ಈ ಕವಲನ್ನು 2018ರಲ್ಲಿ ಗೋರೆಗಾಂವ್‌ಗೆ ಬೆಳೆಸಿದರು. ಒಂದು ಸಂಗತಿ ನೆನಪಿರಲಿ: ಹಾರ್ಬರ್ ಗಾಡಿ ದಾದರ್‌ಗೆ ಹೋಗುವುದಿಲ್ಲ. ದಾದರ್‌ನಲ್ಲಿ ಇಳಿಯುತ್ತೇನೆ ಎಂದು ಅದರಲ್ಲಿ ಕುಳಿತು ವಡಾಲಾದಲ್ಲಿ ಕಣ್ಣುಕಣ್ಣು ಬಿಡುವ ಹೊಸಬರನ್ನು ವಾರಕ್ಕೊಮ್ಮೆಯಾದರೂ ಕಾಣಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಠಾಣೆಯಿಂದ ಐರೋಲಿ, ತುರ್ಭೆ ಮೇಲೆ ವಾಶಿ, ನೆರೂಲ್, ಪನ್ವೇಲ್‌ಗೆ ಹೋಗುವ ಟ್ರಾನ್ಸ್-ಹಾರ್ಬರ್ ಮಾರ್ಗ 2004ರಿಂದ ಇದೆ. ನೆರೂಲ್ ಮತ್ತು ಬೇಲಾಪುರದಿಂದ ಉರಣ್‌ಗೆ ಹೋಗುವ ಮಾರ್ಗ 2024ರ ಜನವರಿಯಲ್ಲಿ ಪೂರ್ತಿಯಾಯಿತು. ವಸಾಯಿ ರೋಡ್‌ನಿಂದ ದಿವಾ ಮೇಲೆ ಪನ್ವೇಲ್‌ಗೂ ಗಾಡಿಗಳಿವೆ, ಸಂಖ್ಯೆ ಕಡಿಮೆ. ಇವು ಯಾವುವೂ ನಿಮ್ಮ ದಿನಚರಿಗೆ ಬರುವಂಥವಲ್ಲ.

ಈಗ ಸ್ಲೋ ಮತ್ತು ಫಾಸ್ಟ್. ಪಶ್ಚಿಮದಲ್ಲಿ ವಿರಾರ್‌ವರೆಗೆ, ಮಧ್ಯ ಮಾರ್ಗದಲ್ಲಿ ಕಲ್ಯಾಣ್‌ವರೆಗೆ ಕನಿಷ್ಠ ನಾಲ್ಕು ಹಳಿಗಳಿವೆ. ಒಂದು ಜೋಡಿಯ ಮೇಲೆ ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ಸ್ಲೋ ಗಾಡಿಗಳು, ಇನ್ನೊಂದರ ಮೇಲೆ ಮುಖ್ಯ ಸ್ಟೇಷನ್‌ಗಳಲ್ಲಿ ಮಾತ್ರ ನಿಲ್ಲುವ ಫಾಸ್ಟ್ ಗಾಡಿಗಳು. ಬೊರಿವಲಿ ದಾಟಿದ ಮೇಲೆ, ಹಾಗೆಯೇ ಕಲ್ಯಾಣ್ ದಾಟಿದ ಮೇಲೆ ಫಾಸ್ಟ್ ಕೂಡ ಸಾಮಾನ್ಯವಾಗಿ ಎಲ್ಲ ಕಡೆ ನಿಲ್ಲುತ್ತದೆ. ಹಾರ್ಬರ್‌ನಲ್ಲಿ ಎರಡೇ ಹಳಿ, ಆದ್ದರಿಂದ ಅಲ್ಲಿ ಎಲ್ಲವೂ ಸ್ಲೋ. ಫಾಸ್ಟ್ ಎಂದ ಕೂಡಲೇ ಅದೇ ಒಳ್ಳೆಯದು ಎಂದು ಹೊಸಬರಿಗೆ ಅನಿಸುತ್ತದೆ. ಉಳಿಯುವುದು ಸಾಮಾನ್ಯವಾಗಿ ಹದಿನೈದು ಇಪ್ಪತ್ತೈದು ನಿಮಿಷ. ಅಷ್ಟಕ್ಕಾಗಿ ಒಂದು ಗಂಟೆ ಎರಡೂ ಕೈ ಮೇಲೆತ್ತಿ, ಬ್ಯಾಗನ್ನು ಎದೆಗೆ ಅವಚಿಕೊಂಡು ನಿಲ್ಲಬೇಕಾಗುತ್ತದೆ. ಆರಂಭದ ಸ್ಟೇಷನ್‌ನಿಂದ ಹೊರಡುವ ಸ್ಲೋ ಗಾಡಿಯಲ್ಲಿ ಕುಳಿತು ಹೋಗುವವರು ಕಚೇರಿಗೆ ತಲುಪಿದಾಗ ಮನುಷ್ಯರ ಹಾಗಿರುತ್ತಾರೆ. ಈ ವ್ಯತ್ಯಾಸ ಒಂದು ದಿನಕ್ಕೆ ಗೊತ್ತಾಗುವುದಿಲ್ಲ, ಆರು ತಿಂಗಳಿಗೆ ಮೈಯಲ್ಲಿ ಗೊತ್ತಾಗುತ್ತದೆ.

ಇನ್ನು ನಿಮ್ಮ ಮೂರು ಸ್ಥಳಗಳನ್ನು ಒಂದೊಂದಾಗಿ ನೋಡೋಣ.

ಡೊಂಬಿವಲಿಯ ಬಗ್ಗೆ ನಿಮ್ಮ ಭಾವ ಪ್ರೀತಿಯಿಂದಲೇ ಹೇಳಿದ್ದಾರೆ. ಕನ್ನಡದವರು ಬಹಳ ಮಂದಿ ನೆಲೆಸಿರುವ ಊರು ಅದು. ನಿಮ್ಮ ಪತ್ನಿಗೆ ಫೋರ್ಟ್ ಪಕ್ಕದ ಸಿಎಸ್‌ಎಂಟಿಗೆ ನೇರ ಗಾಡಿ ಸಿಗುತ್ತದೆ, ಫಾಸ್ಟ್‌ನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ನೀವು ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹತ್ತಿದರೆ ಅಂಧೇರಿ ಪೂರ್ವ ತಲುಪುತ್ತೀರಿ. ಕಾಗದದ ಮೇಲೆ ಸೊಗಸಾಗಿದೆ. ಆದರೆ ಬೆಳಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಿ. ಬದ್ಲಾಪುರದಿಂದಲೋ ಟಿಟ್ವಾಲಾದಿಂದಲೋ ಬಂದ ಗಾಡಿ ಕಲ್ಯಾಣ್‌ನಲ್ಲೇ ತುಂಬಿ ತುಳುಕಿರುತ್ತದೆ. ಬಾಗಿಲಲ್ಲಿ ನಿಂತವರ ಬೆನ್ನು ಹೊರಗಿರುತ್ತದೆ. ಗಾಡಿ ನಿಲ್ಲುವುದು ಅರ್ಧ ನಿಮಿಷದಷ್ಟು. ಅಷ್ಟರಲ್ಲಿ ಹತ್ತಾರು ಜನ ಒಂದೇ ಬಾಗಿಲಿಗೆ ನುಗ್ಗಿ, ಕೊನೆಯವನ ಒಂದು ಕಾಲು ಮಾತ್ರ ಒಳಗೆ ಊರಿದಾಗ ಗಾಡಿ ಹೊರಟುಬಿಡುತ್ತದೆ. 2025ರ ಜೂನ್ 9ರ ಬೆಳಗ್ಗೆ ದಿವಾ ಮತ್ತು ಮುಂಬ್ರಾ ನಡುವೆ ಹೀಗೆ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಯ ಮೇಲೆ ಬಿದ್ದು ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಕೂರಿಸುವ ನಿರ್ಧಾರವಾಯಿತು. ಹಳೆಯ ಗಾಡಿಗಳು ಒಂದೇ ದಿನಕ್ಕೆ ಬದಲಾಗುವುದಿಲ್ಲ. ಡೊಂಬಿವಲಿಯಲ್ಲೇ ಹುಟ್ಟುವ ಕೆಲವು ಲೋಕಲ್‌ಗಳಿವೆ, ಅಲ್ಲಿಯವರು ತಮ್ಮ ದಿನವನ್ನೇ ಆ ಗಾಡಿಯ ವೇಳೆಗೆ ಹೊಂದಿಸಿಕೊಂಡಿರುತ್ತಾರೆ. ನೀವಿಬ್ಬರೂ ಹಾಗೆ ಹೊಂದಿಸಿಕೊಳ್ಳಬಲ್ಲಿರಾದರೆ ಡೊಂಬಿವಲಿ ಆಗದ ಮಾತಲ್ಲ. ಘಾಟ್ಕೋಪರ್‌ನ ಸಂಜೆ ಮಾತ್ರ ನಿಮ್ಮನ್ನು ಹೈರಾಣು ಮಾಡುತ್ತದೆ. ಮೆಟ್ರೊದಿಂದ ಇಳಿದ ಜನರೆಲ್ಲ ಒಂದೇ ಸೇತುವೆಯ ಕಡೆ ಹರಿಯುವಾಗ, ಸಿಎಸ್‌ಎಂಟಿಯಿಂದಲೇ ತುಂಬಿಕೊಂಡು ಬಂದ ಕಲ್ಯಾಣ್ ಫಾಸ್ಟ್‌ಗೆ ಅಲ್ಲಿಂದ ಹತ್ತುವುದು ದಿನನಿತ್ಯದ ಕುಸ್ತಿ.

ನಾಲಾಸೋಪಾರಾ ಬೇಡ. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಅಲ್ಲಿ ಲಕ್ಷಾಂತರ ಜನ ಗೌರವದಿಂದ ಬಾಳುತ್ತಿದ್ದಾರೆ, ಬಾಡಿಗೆ ಉಳಿಯುವುದೂ ನಿಜ. ಆದರೆ ಅದು ವಿರಾರ್‌ಗೆ ಒಂದೇ ಸ್ಟೇಷನ್ ಈಚೆ. ವಿರಾರ್‌ನಲ್ಲಿ ಸೀಟು ಹಿಡಿದವರು ಕುಳಿತು ಬರುತ್ತಾರೆ, ನೀವು ಹತ್ತುವಾಗ ಎಳ್ಳು ಹಾಕಿದರೆ ಕೆಳಗೆ ಬೀಳದು. ಅದಕ್ಕಿಂತ ದೊಡ್ಡ ಕಷ್ಟ ನಿಮ್ಮ ಸಂಜೆಯದು. ಚರ್ಚ್‌ಗೇಟ್‌ನಿಂದ ಬರುವ ವಿರಾರ್ ಫಾಸ್ಟ್‌ಗೆ ಅಂಧೇರಿಯಲ್ಲಿ ಹತ್ತುವುದೆಂದರೆ ಒಳಗಿರುವವರ ಭುಜಗಳ ಗೋಡೆಯನ್ನು ಭೇದಿಸುವುದು. ದೂರ ಹೋಗಬೇಕಾದವರು ನಡುವೆ ಹತ್ತುವವರ ಮೇಲೆ ಸಿಡಿಮಿಡಿಗೊಳ್ಳುತ್ತಾರೆ, ಅವರ ಕಡೆಯಿಂದ ನೋಡಿದರೆ ಅದೂ ಅರ್ಥವಾಗುತ್ತದೆ. ನಿಮ್ಮ ಪತ್ನಿ ಚರ್ಚ್‌ಗೇಟ್‌ನಲ್ಲಿ ಇಳಿದು ಫೋರ್ಟ್‌ಗೆ ನಡೆದೋ ಟ್ಯಾಕ್ಸಿಯಲ್ಲೋ ಹೋಗಬೇಕು. ಎಲ್ಲ ಸೇರಿ ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆಯ ಲೆಕ್ಕ ಹಿಡಿಯಿರಿ. ಮೇಲಾಗಿ ಮಳೆಗಾಲದಲ್ಲಿ ವಸಾಯಿ–ವಿರಾರ್ ಭಾಗದ ಹಳಿಗಳು ಮುಳುಗುವುದುಂಟು. 2018ರ ಜುಲೈಯಲ್ಲಿ ನಾಲಾಸೋಪಾರಾದಲ್ಲಿ ನೀರು ನಿಂತು ಗಾಡಿಗಳೇ ಓಡಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ ಇರುವಾಗ, ಇಬ್ಬರೂ ಮಕ್ಕಳು ಮೂವತ್ತು, ಐವತ್ತು ಕಿಲೋಮೀಟರ್ ಆಚೆ ಸಿಕ್ಕಿಕೊಳ್ಳುವುದು ಬೇಡ.

ನೆರೂಲ್ ಒಳ್ಳೆಯ ಊರು. ಸರ್ಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಯೋಜಿಸಿ ಕಟ್ಟಿದ ನವಿ ಮುಂಬೈಯ ಸ್ಟೇಷನ್‌ಗಳು ವಿಶಾಲವಾಗಿವೆ, ರಸ್ತೆಗಳು ಅಗಲ. ನಿಮ್ಮ ಪತ್ನಿಗೆ ಹಾರ್ಬರ್‌ನಲ್ಲಿ ನೇರ ಸಿಎಸ್‌ಎಂಟಿ, ಒಂದು ಗಂಟೆಗೆ ಸ್ವಲ್ಪ ಮೇಲೆ. ಅವರೊಬ್ಬರಿಗೇ ಕೆಲಸವಿದ್ದಿದ್ದರೆ ನಾನು ಕಣ್ಣುಮುಚ್ಚಿ ನೆರೂಲ್ ಎನ್ನುತ್ತಿದ್ದೆ. ಆದರೆ ನಿಮ್ಮ ದಾರಿ ಉದ್ದವಾಗುತ್ತದೆ. ಪನ್ವೇಲ್ ಕಡೆಯಿಂದ ಅಂಧೇರಿ ಕಡೆಗೆ ನೇರವಾಗಿ ಹೋಗುವ ಗಾಡಿಗಳು ಬೆರಳೆಣಿಕೆಯಷ್ಟು, ಉಳಿದ ಹೊತ್ತಿನಲ್ಲಿ ವಡಾಲಾದಲ್ಲಿ ಇಳಿದು ಕಾಯಬೇಕು. ದಕ್ಷಿಣಕ್ಕೆ ಬಂದು, ಮತ್ತೆ ಉತ್ತರಕ್ಕೆ ತಿರುಗಿ ಹೋಗುವ ದಾರಿ ಅದು. ಕೈ ಸುತ್ತಿಸಿ ಮೂಗು ಹಿಡಿದಂತೆ.

ನಿಮಗೆ ನಾನು ಹೇಳುವುದು ಗೋರೆಗಾಂವ್. ನೀವು ಕೊಟ್ಟ ಹೆಸರುಗಳಲ್ಲಿ ಅದು ಇರಲಿಲ್ಲ, ಸಾಮಾನ್ಯವಾಗಿ ಯಾರೂ ಅದನ್ನು ಹೇಳುವುದೂ ಇಲ್ಲ. ಆದರೆ ಅಲ್ಲಿಂದ ಸಿಎಸ್‌ಎಂಟಿಗೆ ಹಾರ್ಬರ್ ಗಾಡಿ ಹುಟ್ಟುತ್ತದೆ. ನಿಮ್ಮ ಪತ್ನಿ ಖಾಲಿ ಗಾಡಿ ಹತ್ತಿ, ಸೀಟು ಹಿಡಿದು, ಒಂದು ಗಂಟೆಗೆ ಸ್ವಲ್ಪ ಹೆಚ್ಚು ಹೊತ್ತು ಕುಳಿತು, ಎಲ್ಲಿಯೂ ಬದಲಿಸದೆ ಫೋರ್ಟ್‌ನ ಬಾಗಿಲಲ್ಲೇ ಇಳಿಯುತ್ತಾರೆ. ಸಂಜೆಯೂ ಅಷ್ಟೇ, ಸಿಎಸ್‌ಎಂಟಿ ಆರಂಭದ ಸ್ಟೇಷನ್ ಆದ್ದರಿಂದ ಎರಡು ಗಾಡಿ ಬಿಟ್ಟರೆ ಮೂರನೆಯದರಲ್ಲಿ ಸೀಟು ಸಿಕ್ಕೇ ಸಿಗುತ್ತದೆ. ಹಾರ್ಬರ್ ತಪ್ಪಿಹೋದರೆ ಗೋರೆಗಾಂವ್‌ನಿಂದಲೇ ಹೊರಡುವ ಚರ್ಚ್‌ಗೇಟ್ ಸ್ಲೋ ಇದೆ. ಹೀಗೆ ಎರಡು ಬೇರೆ ಮಾರ್ಗಗಳ ಮೂಲಕ ದಕ್ಷಿಣ ಮುಂಬೈ ತಲುಪುವ ಅನುಕೂಲ ಬಹಳ ಕಡಿಮೆ ಸ್ಟೇಷನ್‌ಗಳಿಗಿದೆ. ಒಂದು ಮಾರ್ಗ ಕೈಕೊಟ್ಟ ದಿನ ಅದರ ಬೆಲೆ ಗೊತ್ತಾಗುತ್ತದೆ.

ನಿಮ್ಮ ದಾರಿ ಇನ್ನೂ ಸುಲಭ. ಗೋರೆಗಾಂವ್‌ನಿಂದ ರಾಮ್ ಮಂದಿರ್, ಜೋಗೇಶ್ವರಿ, ಮೂರನೆಯದು ಅಂಧೇರಿ. ನಿಂತರೂ ಹತ್ತು ನಿಮಿಷದ ಮಾತು. ಅಂಧೇರಿ ಸ್ಟೇಷನ್ನಿನ ಸೇತುವೆಯಿಂದಲೇ ಮೆಟ್ರೊ ಒಂದನೇ ಮಾರ್ಗಕ್ಕೆ ದಾರಿಯಿದೆ. 2014ರ ಜೂನ್‌ನಲ್ಲಿ ಶುರುವಾದ ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮಾರ್ಗ ಅದು, 11.4 ಕಿಲೋಮೀಟರ್, 12 ಸ್ಟೇಷನ್. ಚಕಾಲಾ ಅಥವಾ ಮರೋಳ್ ನಾಕಾದಲ್ಲಿ ಇಳಿಯಿರಿ, ನಿಮ್ಮ ಕಚೇರಿ ಎಂಐಡಿಸಿಯ ಯಾವ ಮೂಲೆಯಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ಉತ್ತರ–ದಕ್ಷಿಣವಾಗಿ ಸೀಳಿಹೋಗಿದ್ದ ಈ ನಗರಕ್ಕೆ ಪೂರ್ವ–ಪಶ್ಚಿಮವಾಗಿ ಹಾಕಿದ ಮೊದಲ ದೊಡ್ಡ ಹೊಲಿಗೆ ಅದು. ಅಂಧೇರಿಯಿಂದ ಘಾಟ್ಕೋಪರ್‌ಗೆ ಬಸ್ಸಿನಲ್ಲಿ ಒಂದು ಗಂಟೆಗೂ ಮೀರಿ ಕುಳಿತ ನೆನಪು ನನಗಿದೆ, ಈಗ ಇಪ್ಪತ್ತು ನಿಮಿಷ ಸಾಕು.

ಇನ್ನೊಂದು ದಾರಿಯೂ ತೆರೆದಿದೆ, ಕೈ ಸ್ವಲ್ಪ ಸಡಿಲವಿದ್ದರೆ ಯೋಚಿಸಿ. ಆರೆಯಿಂದ ಕಫ್ ಪರೇಡ್‌ವರೆಗಿನ ನೆಲದಡಿಯ ಮೆಟ್ರೊ ಮೂರನೇ ಮಾರ್ಗ 2024ರ ಅಕ್ಟೋಬರ್‌ನಿಂದ ಹಂತಹಂತವಾಗಿ ತೆರೆದು 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. 27 ಸ್ಟೇಷನ್‌ಗಳಲ್ಲಿ ಎಂಐಡಿಸಿ-ಅಂಧೇರಿ, ಮರೋಳ್ ನಾಕಾ, ಸಿಎಸ್‌ಎಂಟಿ, ಹುತಾತ್ಮಾ ಚೌಕ್ ಎಲ್ಲವೂ ಇವೆ. ಅಂದರೆ ನೀವು ಮರೋಳ್ ಸುತ್ತಮುತ್ತ ಮನೆ ಹಿಡಿದರೆ ನಿಮಗೆ ಕಚೇರಿ ಕಾಲ್ನಡಿಗೆಯ ದೂರ, ಪತ್ನಿಗೆ ಒಂದೇ ತಂಪಾದ ಗಾಡಿ. ಲಿಫ್ಟ್ ಇರುವುದರಿಂದ ನಿಮ್ಮ ತಾಯಿಯೂ ಅದರಲ್ಲಿ ಓಡಾಡಬಹುದು. ಈ ತುದಿಯಿಂದ ಆ ತುದಿಗೆ ಟಿಕೆಟ್ 70 ರೂಪಾಯಿ. ಲೋಕಲ್‌ನ ಸೆಕೆಂಡ್ ಕ್ಲಾಸ್ ಮಾಸಿಕ ಪಾಸಿನ ಅಗ್ಗಕ್ಕೆ ಅದು ಎಂದೂ ಸಮನಾಗುವುದಿಲ್ಲ, ತಿಂಗಳ ಲೆಕ್ಕ ಹಾಕಿದರೆ ಕೈ ಕಚ್ಚುತ್ತದೆ. ಅಂಧೇರಿ ಪೂರ್ವದ ಬಾಡಿಗೆಯೂ ಹಗುರವಲ್ಲ. ಆದರೂ ನಿತ್ಯ ಇಬ್ಬರಿಗೂ ಉಳಿಯುವ ಹೊತ್ತನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡೇ ತೀರ್ಮಾನಿಸಿ.

ಇವೆರಡೂ ಬಜೆಟ್ಟಿಗೆ ಮೀರಿದರೆ ಠಾಣೆ ಅಥವಾ ಮುಲುಂಡ್ ನೋಡಿ. ಠಾಣೆಯಿಂದಲೇ ಹೊರಡುವ ಸಿಎಸ್‌ಎಂಟಿ ಸ್ಲೋ ಗಾಡಿಗಳು ಧಾರಾಳವಾಗಿವೆ. ಘಾಟ್ಕೋಪರ್ ಹತ್ತಿರ, ಡೊಂಬಿವಲಿಯ ಭಾವನ ಮನೆಯೂ ಹತ್ತಿರ.

ಯಾವ ಸ್ಟೇಷನ್ ಆದರೂ ಪೂರ್ವವೋ ಪಶ್ಚಿಮವೋ ಎಂದು ಕೇಳುವುದನ್ನು ಮರೆಯಬೇಡಿ. ಮುಂಬೈಯ ವಿಳಾಸದಲ್ಲಿ ‘ಈಸ್ಟ್’, ‘ವೆಸ್ಟ್’ ಎಂದರೆ ಹಳಿಯ ಯಾವ ಬದಿ ಎಂದು ಅರ್ಥ. ನಕ್ಷೆಯಲ್ಲಿ ಮುನ್ನೂರು ಮೀಟರ್ ಎನಿಸುವ ಅಂಗಡಿ ಹಳಿಯ ಆಚೆಗಿದ್ದರೆ ಸೇತುವೆ ಹತ್ತಿ ಇಳಿಯಬೇಕು. ನಿಮ್ಮ ತಾಯಿಯ ಮೊಣಕಾಲಿಗೆ ಅದು ಮೂರು ಕಿಲೋಮೀಟರ್‌ಗೆ ಸಮ. ಮನೆ, ಔಷಧದ ಅಂಗಡಿ, ವೈದ್ಯರು, ದೇವಸ್ಥಾನ ಎಲ್ಲವೂ ಒಂದೇ ಬದಿಯಲ್ಲಿರುವಂತೆ ನೋಡಿಕೊಳ್ಳಿ. ಎಸ್ಕಲೇಟರ್ ಇದೆ ಎಂಬ ಮಾತನ್ನು ನಂಬಿ ಕೂರಬೇಡಿ. ಅದು ಎಷ್ಟೋ ಕಡೆ ಒಂದೇ ದಿಕ್ಕಿಗೆ ಓಡುತ್ತದೆ, ಮೊಣಕಾಲಿಗೆ ಹೆಚ್ಚು ನೋವಾಗುವುದು ಇಳಿಯುವಾಗ. ಲಿಫ್ಟ್ ಯಾವ ಪ್ಲಾಟ್‌ಫಾರ್ಮಿಗಿದೆ ಎಂದು ನೀವೇ ನಡೆದು ನೋಡಿ ಬನ್ನಿ.

ಗಾಡಿ ಬದಲಿಸುವ ಸ್ಟೇಷನ್‌ಗಳ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ದಾದರ್‌ನ ಸೇತುವೆಯ ಮೇಲೆ ಸಂಜೆ ಆರೂವರೆಗೆ ನಿಂತರೆ ನೀವು ನಡೆಯುವುದಿಲ್ಲ, ಜನ ನಿಮ್ಮನ್ನು ಒಯ್ಯುತ್ತಾರೆ. ಚಪ್ಪಲಿ ಕಳಚಿದರೆ ಬಗ್ಗಿ ಹುಡುಕುವಂತಿಲ್ಲ. 2023ರ ಡಿಸೆಂಬರ್‌ವರೆಗೆ ಅಲ್ಲಿ ಎರಡು ರೈಲ್ವೆಗಳಿಗೂ ಬೇರೆ ಬೇರೆಯಾಗಿ ಒಂದನೇ ಪ್ಲಾಟ್‌ಫಾರ್ಮ್ ಇತ್ತು, ಎಷ್ಟೋ ಜನ ತಪ್ಪಾದ ಕಡೆಗೆ ಓಡುತ್ತಿದ್ದರು. ಈಗ ಪಶ್ಚಿಮ ರೈಲ್ವೆಗೆ 1ರಿಂದ 7, ಮಧ್ಯ ರೈಲ್ವೆಗೆ 8ರಿಂದ 14 ಎಂದು ಸಾಲಾಗಿ ಸಂಖ್ಯೆ ಕೊಟ್ಟಿದ್ದಾರೆ. ಪಶ್ಚಿಮ ಮಾರ್ಗದಲ್ಲಿ ಅದರ ಮುಂದಿನ ನಿಲ್ದಾಣದ ಹೆಸರು ಹಿಂದೆ ಎಲ್ಫಿನ್‌ಸ್ಟನ್ ರೋಡ್, ಈಗ ಪ್ರಭಾದೇವಿ. ಅದನ್ನು ಮಧ್ಯ ಮಾರ್ಗದ ಪರೇಲ್‌ಗೆ ಕೂಡಿಸುವ ಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರ ಬೆಳಗ್ಗೆ, ಮಳೆ ಸುರಿಯುತ್ತಿದ್ದಾಗ ಜನ ಒತ್ತೊತ್ತಾಗಿ ಸಿಕ್ಕಿ ನೂಕುನುಗ್ಗಲಾಯಿತು. 23 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಯಾರೂ ಗಾಡಿಯ ಬಾಗಿಲಲ್ಲಿ ಜೋತಾಡಿದವರಲ್ಲ, ಕಚೇರಿಗೆ ಹೊರಟು ಮೆಟ್ಟಿಲ ಮೇಲೆ ನಿಂತಿದ್ದವರು. ಸೈನ್ಯದವರು ಅಲ್ಲಿ ಕಟ್ಟಿದ ಹೊಸ ಸೇತುವೆ ಮರುವರ್ಷದ ಫೆಬ್ರುವರಿಯಲ್ಲಿ ತೆರೆಯಿತು. ಆ ಕಾರಣಕ್ಕೇ ಮಳೆ ಜೋರಾಗಿ ಬರುವಾಗ ಸೇತುವೆಯ ಮೇಲೆ ನಿಂತು ಕಾಯಬೇಡಿ, ಪ್ಲಾಟ್‌ಫಾರ್ಮಿನಲ್ಲೇ ಒಂದು ಗಾಡಿ ತಡವಾಗಿ ಹೋಗಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ನಿಮ್ಮ ಪತ್ನಿಗೆ ತಿಳಿಸಬೇಕಾದ ಕೆಲವು ಸಂಗತಿಗಳಿವೆ. ಪ್ರತಿ ಗಾಡಿಯಲ್ಲೂ ಮಹಿಳೆಯರಿಗೆ ಬೇರೆ ಡಬ್ಬಗಳಿವೆ, ಸೆಕೆಂಡ್ ಕ್ಲಾಸಿನಲ್ಲೂ ಫಸ್ಟ್ ಕ್ಲಾಸಿನಲ್ಲೂ. 12 ಡಬ್ಬದ ಗಾಡಿಯಲ್ಲಿ ಅವು ಒಂದು ಜಾಗದಲ್ಲಿ ನಿಂತರೆ 15 ಡಬ್ಬದ ಗಾಡಿಯಲ್ಲಿ ಇನ್ನೊಂದು ಜಾಗದಲ್ಲಿ ನಿಲ್ಲುತ್ತವೆ. ಆದ್ದರಿಂದ ಇಂಡಿಕೇಟರ್ ಮೇಲೆ ಊರು, ವೇಳೆ, ಸ್ಲೋ–ಫಾಸ್ಟ್ ಜೊತೆಗೆ ಡಬ್ಬಗಳ ಸಂಖ್ಯೆಯನ್ನೂ ಓದಬೇಕು. ಮೊದಲ ವಾರ ಅಕ್ಕಪಕ್ಕದ ಹೆಂಗಸರು ಎಲ್ಲಿ ಗುಂಪಾಗಿ ನಿಂತಿದ್ದಾರೋ ಅಲ್ಲೇ ನಿಲ್ಲಲಿ, ಅದಕ್ಕಿಂತ ಖಚಿತವಾದ ಗುರುತು ಬೇರೆಯಿಲ್ಲ. ಒಳಗೆ ಹೋದ ಮೇಲೆ ಸೀಟಿನಲ್ಲಿ ಕುಳಿತವರನ್ನು ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳುವುದು ಇಲ್ಲಿಯ ರೂಢಿ. ಬಾಂದ್ರಾ ಎಂದರೆ ಆ ಸೀಟು ಬಾಂದ್ರಾದಲ್ಲಿ ನಿಮ್ಮದು, ಇನ್ನಾರೂ ಅದಕ್ಕೆ ಕೈಹಾಕುವುದಿಲ್ಲ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರು ಅರ್ಧ ಕುಳಿತುಕೊಳ್ಳುವುದಕ್ಕೂ ‘ಫೋರ್ತ್ ಸೀಟ್’ ಎಂದು ಹೆಸರಿದೆ, ಕೇಳಿದರೆ ಮೂವರೂ ಸರಿದು ಜಾಗ ಕೊಡುತ್ತಾರೆ. ದಿನಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಈ ಗಾಡಿಗಳಲ್ಲಿ ಓಡಾಡುವುದು ಸಾಧ್ಯವಾಗಿರುವುದು ಸಿಗ್ನಲ್‌ಗಳಿಂದ ಮಾತ್ರವಲ್ಲ, ಇಂಥ ಬರೆಯದ ಒಪ್ಪಂದಗಳಿಂದ. ನನಗೆ ಈ ನಗರದ ಮೇಲೆ ಪ್ರೀತಿ ಹುಟ್ಟಿದ್ದೇ ಆ ನಾಲ್ಕನೇ ಸೀಟಿನಿಂದ.

ಪಾಸ್ ಮಾಡಿಸುವಾಗ ಮಾರ್ಗ ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ. ಗೋರೆಗಾಂವ್‌ನಿಂದ ಸಿಎಸ್‌ಎಂಟಿಗೆ ಹಾರ್ಬರ್ ಮೇಲೆ ಪಾಸ್ ಮಾಡಿಸಿ ಚರ್ಚ್‌ಗೇಟ್‌ನಲ್ಲಿ ಇಳಿದರೆ ಅದು ಟಿಕೆಟ್ ಇಲ್ಲದ ಪ್ರಯಾಣ ಎನಿಸಿಕೊಳ್ಳುತ್ತದೆ, ದಂಡ ಕನಿಷ್ಠ 250 ರೂಪಾಯಿ ಮತ್ತು ಪ್ರಯಾಣದ ದರ. ಕಿಟಕಿಯ ಸಾಲಿನಲ್ಲಿ ನಿಲ್ಲುವ ಬದಲು ಮೊಬೈಲ್‌ನ ರೈಲ್‌ಒನ್ ಆ್ಯಪ್‌ನಲ್ಲಿ ಟಿಕೆಟ್, ಪಾಸ್ ಎರಡನ್ನೂ ಪಡೆಯಬಹುದು. ಫಸ್ಟ್ ಕ್ಲಾಸ್ ಪಾಸ್ ಸೆಕೆಂಡ್ ಕ್ಲಾಸಿನ ಹಲವು ಪಟ್ಟು ಬೆಲೆಯದು. ಗಾಡಿ ಹುಟ್ಟುವ ಸ್ಟೇಷನ್‌ನಿಂದಲೇ ಹತ್ತುವುದಾದರೆ ಅದರ ಅಗತ್ಯ ಬೀಳುವುದಿಲ್ಲ.

ಭಾನುವಾರ ಭಾವನ ಮನೆಗೆ ಹೊರಡುವ ಮೊದಲು ಮೆಗಾ ಬ್ಲಾಕ್ ಇದೆಯೇ ಎಂದು ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿ. ಹಳಿ, ತಂತಿ, ಸಿಗ್ನಲ್ ದುರಸ್ತಿಗೆ ಹಗಲಿನ ನಾಲ್ಕೈದು ಗಂಟೆ ಒಂದಿಷ್ಟು ಭಾಗದಲ್ಲಿ ಗಾಡಿ ನಿಲ್ಲಿಸುತ್ತಾರೆ ಇಲ್ಲವೇ ಫಾಸ್ಟನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ. ಮಳೆಗಾಲದಲ್ಲಿ ಸಯಾನ್–ಕುರ್ಲಾ ನಡುವೆ, ಹಾರ್ಬರ್‌ನ ಚುನಾಭಟ್ಟಿಯಲ್ಲಿ ಬೇಗ ನೀರು ನಿಲ್ಲುತ್ತದೆ. ಗೋರೆಗಾಂವ್ ಕವಲು ಚುನಾಭಟ್ಟಿಗೆ ಹೋಗುವುದಿಲ್ಲ ಎಂಬುದು ಒಂದು ಸಮಾಧಾನ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಎಲ್ಲ ಮಾರ್ಗಗಳೂ ನಿಂತು, ಜನ ಹಳಿಯ ಮೇಲೆ ಸಾಲುಗಟ್ಟಿ ನಡೆದು ಮನೆ ಸೇರಿದರು. ಮಳೆ ಬಿಡದೆ ಹೊಡೆಯುವ ದಿನ ಸಮುದ್ರದ ಉಬ್ಬರ ಎಷ್ಟು ಹೊತ್ತಿಗೆ ಎಂದು ನೋಡಿಕೊಂಡು, ಅದಕ್ಕೆ ಮೊದಲೇ ಕಚೇರಿ ಬಿಡಿ ಎಂದು ಪತ್ನಿಗೆ ಹೇಳಿಡಿ. ಉಬ್ಬರವಿದ್ದಾಗ ಚರಂಡಿಯ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಹಳಿ ಮುಳುಗುವುದು ಆಗಲೇ.

ಮನೆಗೆ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಭಾನುವಾರ ಮನೆ ತೋರಿಸುವ ದಲ್ಲಾಳಿಯ ಜೊತೆ ಹೋಗಿ ಒಪ್ಪಿಕೊಂಡು ಬರಬೇಡಿ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಎಂಟೂಕಾಲಿಗೆ ಆ ಮನೆಯ ಬಾಗಿಲಿನಿಂದ ಹೊರಟು, ಇಬ್ಬರೂ ನಿಮ್ಮ ನಿಮ್ಮ ಕಚೇರಿಯ ಬಾಗಿಲವರೆಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಮರಳಿ ಬನ್ನಿ. ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಒಂದು ದಿನದ ರಜೆ ಹೋದರೂ ಹನ್ನೊಂದು ತಿಂಗಳ ಕರಾರಿನ ಮುಂದೆ ಅದು ದೊಡ್ಡದಲ್ಲ.

ತಾಯಿಯನ್ನು ಮತ್ಸ್ಯಗಂಧ ರೈಲಿನಲ್ಲಿ ಕರೆತರುವುದಾದರೆ, ಅದು ಕೊನೆಗೆ ನಿಲ್ಲುವ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಲೋಕಲ್ ಗಾಡಿ ಸಿಗುವುದಿಲ್ಲ. ಹತ್ತಿರದ ಲೋಕಲ್ ಸ್ಟೇಷನ್‌ಗಳು ತಿಲಕ್ ನಗರ ಮತ್ತು ಕುರ್ಲಾ, ಎರಡಕ್ಕೂ ಸಾಮಾನು ಹೊತ್ತು ಹೋಗಬೇಕು. ಅಂದು ಟ್ಯಾಕ್ಸಿ ಹಿಡಿಯಿರಿ. ಆಮೇಲೊಂದು ಮಧ್ಯಾಹ್ನ, ಹನ್ನೆರಡರಿಂದ ಮೂರರ ನಡುವೆ ಗಾಡಿಗಳು ಖಾಲಿಯಿರುವಾಗ, ಗೋರೆಗಾಂವ್‌ನಿಂದ ಹಾರ್ಬರ್‌ನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಸಿಎಸ್‌ಎಂಟಿವರೆಗೆ ಹೋಗಿ ಬನ್ನಿ. ಶಿವಡಿ ದಾಟುವಾಗ ಎಡಗಡೆಯ ಕಿಟಕಿ ಸಿಕ್ಕರೆ ಒಳ್ಳೆಯದು, ಬಂದರಿನ ಬದಿ ಅದೇ.